ಅನುಮೋದನೆಯ ಹಿಂಸೆ

ಪತಂಜಲಿಯ ಯೋಗಸೂತ್ರದಲ್ಲಿ ಆಸನದ ವಿವರಣೆಗೆ ಮೀಸಲಾಗಿರುವುದು ಎರಡನೆಯ ಪಾದದ 46ರಿಂದ 48ರವರೆಗಿನ ಮೂರೇ ಸೂತ್ರ. ಅದಕ್ಕೂ ಮೊದಲೇ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಐದು ಯಮಗಳು ಬಂದಿರುತ್ತವೆ. ಐದರಲ್ಲಿ ಯಾವುದನ್ನೂ ಒಬ್ಬನೇ ಕೋಣೆಯಲ್ಲಿ ಕೂತು ಪಾಲಿಸಿ ಮುಗಿಸಲಾಗದು. ಎದುರಿಗೆ ಇನ್ನೊಂದು ಜೀವ ಇದ್ದಾಗಲೇ ಅವುಗಳ ಪರೀಕ್ಷೆ. ಆದ್ದರಿಂದ ಯೋಗಕ್ಕೆ ನಿತ್ಯದ ಬಾಳಿನಲ್ಲಿ ಜಾಗವೆಲ್ಲಿ ಎಂದು ಕೇಳಿದರೆ, ಬೆಳಗಿನ ಅರ್ಧ ಗಂಟೆಯ ಅಭ್ಯಾಸಕ್ಕಿಂತ ಮೊದಲು ನಾವು ನೋಡಬೇಕಾದದ್ದು ಉಳಿದ ಹೊತ್ತಿನ ವ್ಯವಹಾರವನ್ನು.

ಯಮಗಳನ್ನು ಹೇಳಿದ ಬೆನ್ನಿಗೇ ಪತಂಜಲಿ ಅವನ್ನು ಮಹಾವ್ರತವೆಂದು ಕರೆಯುತ್ತಾನೆ: ಜಾತಿ, ದೇಶ, ಕಾಲ, ಸಂದರ್ಭಗಳ ಕಟ್ಟು ಅವಕ್ಕಿಲ್ಲ. ಇದಕ್ಕೆ ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಕೊಡುವ ಉದಾಹರಣೆಗಳು ನಮ್ಮ ದಿನಚರಿಗೇ ಕನ್ನಡಿ ಹಿಡಿಯುತ್ತವೆ. ಮೀನನ್ನಲ್ಲದೆ ಬೇರೇನನ್ನೂ ಕೊಲ್ಲೆನೆನ್ನುವ ಬೆಸ್ತ, ತೀರ್ಥಕ್ಷೇತ್ರದಲ್ಲಿ ಕೊಲ್ಲೆನೆನ್ನುವವನು, ಚತುರ್ದಶಿಯಂದು ಕೊಲ್ಲೆನೆನ್ನುವವನು, ಯುದ್ಧದಲ್ಲಲ್ಲದೆ ಕೊಲ್ಲೆನೆನ್ನುವ ಕ್ಷತ್ರಿಯ. ಇವರೆಲ್ಲರದೂ ಅಹಿಂಸೆಯೇ, ಆದರೆ ಬೇಲಿ ಹಾಕಿಕೊಂಡ ಅಹಿಂಸೆ. ಮನೆಯಲ್ಲಿ ಸತ್ಯವಂತ, ಅಂಗಡಿಯಲ್ಲಿ ಬೇರೆಯೇ ಲೆಕ್ಕ. ಶ್ರಾವಣದಲ್ಲಿ ಸಂಯಮ, ಭಾದ್ರಪದಕ್ಕೆ ರಜೆ. ಭಾಷ್ಯಕಾರ ನಮ್ಮನ್ನು ಚೆನ್ನಾಗಿಯೇ ಬಲ್ಲವನು.

ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು ಅದೇ ಪಾದದ 34ನೆಯ ಸೂತ್ರ. ಹಿಂಸೆಯನ್ನು ತಾನೇ ಮಾಡಬಹುದು, ಇನ್ನೊಬ್ಬರಿಂದ ಮಾಡಿಸಬಹುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡಬಹುದು. ಲೋಭದಿಂದ, ಕ್ರೋಧದಿಂದ, ಮೋಹದಿಂದ. ಅಲ್ಪವಾಗಿ, ಮಧ್ಯಮವಾಗಿ, ತೀವ್ರವಾಗಿ. ಇದನ್ನೇ ವ್ಯಾಸಭಾಷ್ಯ ಬಿಡಿಸುತ್ತ ಹೋಗಿ ಹಿಂಸೆಯ 81 ಭೇದಗಳನ್ನು ಎಣಿಸುತ್ತದೆ. ಮಲದ ಗುಂಡಿಗೆ ಕೂಲಿಯವನನ್ನು ಇಳಿಸಿದ ಕೈ ನನ್ನದಲ್ಲದಿರಬಹುದು. ಆದರೆ ಆ ಕೆಲಸ ಅಗ್ಗದಲ್ಲಿ ಮುಗಿಯಿತೆಂದು ಸಮಾಧಾನಪಟ್ಟವನು ನಾನಾಗಿದ್ದರೆ, ಈ ಎಣಿಕೆಯೊಳಗೆ ನಾನೂ ಇದ್ದೇನೆ. ಇಂದಿನ ನಮ್ಮ ಹಿಂಸೆಯಲ್ಲಿ ಬಹುಪಾಲು ಈ ಅನುಮೋದನೆಯ ಬಗೆಯದೇ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪವಿದೆ. ಪತಂಜಲಿಯ ಗುರಿ ಕೈವಲ್ಯ, ಅಂದರೆ ಪ್ರಕೃತಿಯಿಂದ ಪುರುಷನ ಬಿಡುಗಡೆ; ಲೋಕಕ್ಕೆ ಬೆನ್ನು ತಿರುಗಿಸಿದವನ ಶಾಸ್ತ್ರವನ್ನು ಸಂಸಾರಿಯ ಹೆಗಲಿಗೇರಿಸುವುದು ಸರಿಯೇ? ಗುರಿ ಅದೇ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ದಾರಿ ಹಾಯುವುದು ಜನರ ನಡುವೆಯೇ. ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ, ಪಾಪಿಗಳಲ್ಲಿ ಉಪೇಕ್ಷೆ ಎಂದು ಮೊದಲ ಪಾದವೇ ಚಿತ್ತಪ್ರಸಾದನದ ಉಪಾಯ ಹೇಳುತ್ತದೆ. ನೆರೆಯವನ ಏಳಿಗೆ ಕಂಡು ಕುದಿಯದಿರುವುದು ಸಂಸಾರಿಗೂ ಬೇಕಾದ ಸಾಧನೆ. ವಿನಾಯಿತಿಯಿಲ್ಲದ ವ್ರತ ಗೃಹಸ್ಥನಿಗೆ ಅಸಾಧ್ಯ ಎನ್ನುವವರಿಗೆ ಉತ್ತರ ಎರಡನೆಯ ಪಾದದ 33ನೆಯ ಸೂತ್ರದಲ್ಲಿದೆ: ಕೆಟ್ಟ ಆಲೋಚನೆ ಕಾಡಿದಾಗ ಅದರ ಪ್ರತಿಪಕ್ಷವನ್ನು ಭಾವಿಸು. ಮನಸ್ಸು ಎಡವುತ್ತದೆಂದು ತಿಳಿದೇ ಬರೆದ ಶಾಸ್ತ್ರವಿದು.

ಹಠಯೋಗಿಗಳು ಬೇರೆ ಮಾತು ಹೇಳಿಯಾರು. ಸ್ವಾತ್ಮಾರಾಮನ ಹಠಪ್ರದೀಪಿಕೆ ಆಸನವನ್ನೇ ಮೊದಲ ಅಂಗವೆನ್ನುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಬೆಳೆಸಿದ ಪರಂಪರೆಯೂ ದೇಹದಿಂದಲೇ ಜಗತ್ತನ್ನು ಮುಟ್ಟಿತು. ಅಲುಗದೆ ಕೂರಲು ಕಲಿತ ದೇಹ ಸಿಟ್ಟಿನ ಮೊದಲ ಕಂಪನವನ್ನು ಬೇಗ ಗುರುತಿಸಬಲ್ಲದು, ನಿಜ. ಆದರೆ 1934ರಲ್ಲಿ ಕನ್ನಡದಲ್ಲೇ ಬಂದ ಅವರ ‘ಯೋಗ ಮಕರಂದ’ ಯಮನಿಯಮಗಳನ್ನೂ ವಿವರಿಸುತ್ತದೆ. ಆಸನಗಳನ್ನು ಉಳಿಸಿಕೊಂಡು ಆ ಪುಟಗಳನ್ನು ದಾಟಿಹೋದವರು ನಾವು.