ತೆರೆದ ಬಾಗಿಲು, ಬೀಸಿದ ಬಲೆ

ಪತ್ರಕರ್ತರೂ ವಕೀಲರೂ ಕೂಡುತ್ತಿದ್ದ ಲಂಡನ್ನಿನ ಎಲ್ ವೀನೋ ಎಂಬ ಪಾನಗೃಹದಲ್ಲಿ ಸ್ತ್ರೀಯರು ಗಂಡಸರಂತೆ ಕಟ್ಟೆಯ ಬಳಿ ನಿಂತು ಪಾನೀಯ ಪಡೆಯುವಂತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕುಳಿತರೆ ಅಲ್ಲಿಗೇ ತಂದುಕೊಡುವ ಪದ್ಧತಿಯಿತ್ತು. ಒಬ್ಬ ವಕೀಲೆಯೂ ಒಬ್ಬ ಪತ್ರಕರ್ತೆಯೂ ಇದನ್ನು ಪ್ರಶ್ನಿಸಿದರು. 1975ರ ಲಿಂಗತಾರತಮ್ಯ ನಿಷೇಧ ಕಾಯಿದೆಗೆ ಇದು ವಿರುದ್ಧವೆಂದು ಮೇಲ್ಮನವಿ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿತು. ಮದ್ಯವನ್ನು ತ್ಯಾಜ್ಯವೆಂದು ಬಗೆಯುವವರೂ ಇದನ್ನು ನ್ಯಾಯವೆಂದು ಒಪ್ಪಲೇಬೇಕು. ತನ್ನ ಬಟ್ಟಲನ್ನು ಕೆಳಗಿಡದ ಗಂಡಸಿಗೆ ಹೆಣ್ಣಿನ ಬಟ್ಟಲನ್ನು ಕುರಿತು ಉಪದೇಶಿಸುವ ಅಧಿಕಾರ ಎಲ್ಲಿಯದು?

ಆದರೆ ಅಡ್ಡಗಟ್ಟಿದ ಕೈಯನ್ನು ತೆಗೆಯುವುದು ಒಂದು, ಕೈಹಿಡಿದು ಒಳಗೆ ಕರೆಯುವುದು ಮತ್ತೊಂದು. ಬ್ರಿಟನ್ನಿನ ಹಳೆಯ ಪಬ್ಬುಗಳ ಕಿಟಕಿಗಳಿಗೆ ಒಳಗಿನದು ಕಾಣದಂತೆ ಮಸುಕು ಗಾಜು ಹಾಕಿರುತ್ತಿದ್ದರು. ಬಾಸ್ ಕಂಪನಿ 1994ರಲ್ಲಿ ಆರಂಭಿಸಿದ ಆಲ್ ಬಾರ್ ಒನ್ ಪಾನಗೃಹಗಳಲ್ಲಿ ದೊಡ್ಡ ದೊಡ್ಡ ಪಾರದರ್ಶಕ ಕಿಟಕಿಗಳು ಬಂದವು. ಒಬ್ಬಳೇ ಬರುವ ಹೆಣ್ಣುಮಗಳು ಒಳಗೆ ಯಾರಿದ್ದಾರೆ, ಹೇಗಿದ್ದಾರೆ ಎಂದು ಹೊರಗಿನಿಂದಲೇ ನೋಡಿ ಕಾಲಿಡಬಹುದಾಯಿತು. ಬೆಳಕು, ಊಟ, ಶುಚಿತ್ವ ಇವೂ ಹೆಚ್ಚಿದವು. ಇದು ಗೌರವವೋ, ಆಮಿಷವೋ? ಇದನ್ನು ಅಳೆಯಲು ಒಂದು ಸುಲಭ ಒರೆಗಲ್ಲು ಉಂಟು: ಬಟ್ಟಲಿನಲ್ಲಿ ಬಿಯರಿನ ಬದಲು ಹಾಲಿದ್ದರೂ ಆ ಸುಧಾರಣೆ ಒಳ್ಳೆಯದಾಗಿಯೇ ಉಳಿಯುವುದೇ? ಬೆಳಕೂ ನಿರ್ಭಯವೂ ಉಳಿಯುತ್ತವೆ. ಅವು ಹೆಣ್ಣಿಗೆ ಸಲ್ಲಬೇಕಾದವು. ಅವನ್ನು ಕೊಡಲು ಒಬ್ಬ ಮದ್ಯವ್ಯಾಪಾರಿಯೇ ಬೇಕಾಯಿತೆಂಬುದು ಮಾತ್ರ ಸಮಾಜಕ್ಕೆ ನಾಚಿಕೆಯ ಸಂಗತಿ.

ಈ ಒರೆಗಲ್ಲಿಗೆ ನಿಲ್ಲದ ಪ್ರಯತ್ನಗಳೂ ನಡೆದಿವೆ. ಮೋಲ್ಸನ್ ಕೂರ್ಸ್ ಕಂಪನಿ 2011ರಲ್ಲಿ ಸ್ತ್ರೀಯರಿಗೆಂದೇ 'ಅನಿಮೇ' ಎಂಬ ಬಿಯರನ್ನು ಬ್ರಿಟನ್ನಿನ ಪೇಟೆಗೆ ತಂದಿತು. ಅದರ ಮೂರು ಬಗೆಗಳಲ್ಲಿ ಒಂದಕ್ಕೆ ಗುಲಾಬಿ ಬಣ್ಣ, ಇನ್ನೊಂದಕ್ಕೆ ನಿಂಬೆಯ ರುಚಿ; ಹೊಟ್ಟೆ ಉಬ್ಬರಿಸದೆಂಬ ಆಶ್ವಾಸನೆ ಬೇರೆ. ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. (ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ತಯಾರಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದೇ ಆಗಿತ್ತೆಂಬುದು ಆ ಕಂಪನಿಗೆ ನೆನಪಾಗಲಿಲ್ಲವೇನೋ.) ಗುಲಾಬಿ ಬಣ್ಣ ತಮಗೆ ಅಪಮಾನವೆಂದು ಕೆಲವು ಬಿಯರುಪ್ರಿಯ ಸ್ತ್ರೀಯರೇ ಆಕ್ಷೇಪಿಸಿದರು. ಆಕ್ಷೇಪ ಯುಕ್ತವೇ. ಆದರೂ ಅದು ಬಣ್ಣದ ಬಳಿಯೇ ನಿಂತುಬಿಟ್ಟಿತು. ಬೇಡವೆಂದಿದ್ದವಳಲ್ಲಿ ಬೇಕೆಂಬುದನ್ನು ಹುಟ್ಟಿಸಲು ಹೊರಟ ಸಂಕಲ್ಪವನ್ನು ಯಾರೂ ಅಷ್ಟಾಗಿ ಕೇಳಲಿಲ್ಲ.

ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ವಿಂಗಡಿಸಿದ ಪೂರ್ವಾಚಾರ್ಯರ ದೃಷ್ಟಿ ಇಲ್ಲಿ ಉಪಯುಕ್ತ. ಕುಡಿಯುವವಳ ಹೊಣೆ ಅವಳದು. ಆದರೆ ಅವಳ ಅಂಜಿಕೆ, ದೇಹದ ಬಗೆಗಿನ ಅಳುಕು, ಸಮಾನತೆಯ ಹಂಬಲ ಇವನ್ನೆಲ್ಲ ಲೆಕ್ಕ ಹಾಕಿ ಅವಳಿಂದ ಕುಡಿಸುವವನು ತಾನು ಕೇವಲ ಮಾರಾಟಗಾರನೆಂದು ಜಾರಿಕೊಳ್ಳಲಾಗದು. ಅವನಿಗೆ ತಿಳಿದಿರಬೇಕಾದ ಸಂಗತಿಗಳೂ ಗುಟ್ಟಿನವಲ್ಲ. ಮದ್ಯಪಾನಿಗಳಲ್ಲಿ ಸ್ತನಕ್ಯಾನ್ಸರಿನ ಸಂಭವ ಹೆಚ್ಚು. ಸ್ತ್ರೀದೇಹದಲ್ಲಿ ನೀರಿನ ಅಂಶ ಕಡಿಮೆಯಾದ್ದರಿಂದ ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ.

ಬ್ರಿಟನ್ನಿನಲ್ಲಿ 1987ರ ವೈದ್ಯಕೀಯ ಸಲಹೆಯಂತೆ ಗಂಡಸರಿಗೆ ವಾರಕ್ಕೆ 21 ಯೂನಿಟ್, ಹೆಂಗಸರಿಗೆ 14 ಮಿತಿಯಾಗಿತ್ತು. 2016ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಇಬ್ಬರಿಗೂ ಒಂದೇ ಮಿತಿಯನ್ನು ಸೂಚಿಸಿದರು. ಅದು 14.