ಸಂದೇಹಿಯ ಊರಲ್ಲಿ

ಮೈಲಾಪುರ ಅಂದ ಕೂಡಲೇ ನಿಮಗೆ ಕಪಾಲೀಶ್ವರನ ಗೋಪುರ, ಡಿಸೆಂಬರ್ ತಿಂಗಳ ಸಂಗೀತ ಕಚೇರಿ, ಫಿಲ್ಟರ್ ಕಾಫಿ ನೆನಪಾಗಬಹುದು. ನಾನು 1999ರಿಂದ ವಾಸವಾಗಿರುವುದು ಅದೇ ಮೈಲಾಪುರದ ಕಡಲ ಕಡೆಯ ಅಂಚಿನಲ್ಲಿ, ಸಾಂತೋಮಿನಲ್ಲಿ. ಪೋರ್ಚುಗೀಸರು ಸಂತ ತೋಮನಿಗೆ ಇಟ್ಟ ಹೆಸರೇ ಊರಿನ ಹೆಸರಾಗಿ ಉಳಿದುಕೊಂಡಿದೆ. ಯೇಸುಸ್ವಾಮಿಯ ಹನ್ನೆರಡು ಮಂದಿ ಶಿಷ್ಯರಲ್ಲಿ 'ನಾನು ನಂಬೋದಿಲ್ಲ' ಎಂದು ಎಲ್ಲರ ಎದುರು ಹೇಳಿದ ಒಬ್ಬನೇ ಒಬ್ಬ ಈ ತೋಮ. ಅವನು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದ, 72ರಲ್ಲಿ ಈಗಿನ ಪರಂಗಿಮಲೆಯ ಮೇಲೆ ಈಟಿಯಿಂದ ಹತನಾದ, ಅವನನ್ನು ಇಲ್ಲಿ ಮಣ್ಣು ಮಾಡಿದರು ಎಂಬುದು ಪರಂಪರೆಯ ಮಾತು. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಅವನ ಮೂಳೆಗಳನ್ನು ಹಿಂದೆಯೇ ಎದೆಸ್ಸಾಕ್ಕೆ ಒಯ್ದರು, ಅಲ್ಲಿಂದ ಅವು ಇಟಲಿಯ ಒರ್ತೋನಾ ಸೇರಿದವು ಎಂದೂ ಹೇಳುತ್ತಾರೆ. ಸಂದೇಹಪಟ್ಟವನ ಸಮಾಧಿಯ ಬಗ್ಗೆಯೇ ಸಂದೇಹ! ನನಗೆ ಇದು ಹಿತವಾಗಿಯೇ ಕಂಡಿದೆ.

ನಾನು ಹಾಸನದ ಕಡೆಯವನು, ಹುಟ್ಟು ಕಥೋಲಿಕ. ಇಲ್ಲಿಯವರಿಗೆ ಕನ್ನಡಿಗ ಅಂದರೆ ಉಡುಪಿ ಹೋಟೆಲಿನವನು. ಊರಿಗೆ ಬಂದರೆ ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳಿ, "ಕ್ರಿಶ್ಚಿಯನ್ನರಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಅಂತಾರೆ. ಮನೆಯಲ್ಲಿ ಬೇರೆ ಯಾವ ಭಾಷೆಯೂ ಇರಲಿಲ್ಲ ಸ್ವಾಮಿ ಅಂತ ಎಷ್ಟು ಸಲ ಹೇಳೋದು. ಇಲ್ಲಿ ಪೂಜೆ ತಮಿಳಿನಲ್ಲಿ, ಬ್ಯಾಂಕಿನ ಕೆಲಸ ಇಂಗ್ಲಿಷಿನಲ್ಲಿ. ಆದರೆ ಹೆದರಿಕೆಯಾದಾಗ ಬಾಯಿಗೆ ಬರುವ ಪ್ರಾರ್ಥನೆ ಮಾತ್ರ ಅಜ್ಜಿ ಕಲಿಸಿದ ಕನ್ನಡದ್ದೇ. ಅದು ಬಾಯಿಗೆ ಬಾರದೇ ಹೋದ ಒಂದು ಕಾಲದ ವಿಷಯ ಹೇಳಬೇಕಾಗಿದೆ.

2004ರ ಕ್ರಿಸ್‌ಮಸ್‌ಗೆ ನಾವು ವೇಳಾಂಗಣ್ಣಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮಗನಿಗೆ ಟೈಫಾಯ್ಡ್ ಆಗಿದ್ದಾಗ ಅಮ್ಮ ಹೊತ್ತಿದ್ದ ಹರಕೆ ಅದು. 25ರಂದು ಹಬ್ಬದ ಪೂಜೆ ಮುಗಿಸಿ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಅಲ್ಲಿ. ನಾನು ಸೀಟು ಕಾದಿರಿಸಲು ಹೋದದ್ದು ತಡವಾಯಿತು. ಬೇಕಿದ್ದದ್ದು ಮೂರು, ಇದ್ದದ್ದು ಎರಡು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳೋಣ ಎಂದರೆ ಅವನಿಗಾಗಲೇ ಹತ್ತು ವರ್ಷ. ಹೆಂಡತಿ ಬೈದಳು. ಹೊಸ ವರ್ಷ ಕಳೆದ ಮೇಲೆ ನೋಡೋಣ ಎಂದು ಸುಮ್ಮನಾದೆವು.

26ರ ಭಾನುವಾರ ಬೆಳಗ್ಗೆ ಮೊದಲ ಪೂಜೆಗೆ ಹೋಗಿ ಬಂದು ಉಪ್ಪಿಟ್ಟು ತಿನ್ನುತ್ತಿದ್ದೆವು. ಒಂಬತ್ತರ ಸುಮಾರಿಗೆ ಬೀದಿಯಲ್ಲಿ ಕೂಗಾಟ ಕೇಳಿಸಿತು. ಕಡಲು ಒಳಗೆ ಬರ್ತಿದೆ ಎಂದು ಜನ ಓಡುತ್ತಿದ್ದರು. ಸುನಾಮಿ ಎಂಬ ಪದವೇ ಆಗ ನಮಗೆ ಗೊತ್ತಿರಲಿಲ್ಲ. ಬಾಗಿಲಿಗೆ ಬೀಗವನ್ನೂ ಹಾಕದೆ ಕಚೇರಿ ರಸ್ತೆ ಹಿಡಿದು ಪಶ್ಚಿಮಕ್ಕೆ ಓಡಿದೆವು. ನಮ್ಮ ಬೀದಿಗೆ ನೀರು ಬರಲಿಲ್ಲ. ಅರ್ಧ ಮೈಲಿ ತೆಂಕಣದ ಮೀನುಗಾರರ ಕುಪ್ಪಂಗಳಿಗೆ ನುಗ್ಗಿ, ಮನೆಗಳನ್ನೂ ಮಕ್ಕಳನ್ನೂ ಎಳೆದುಕೊಂಡು ಹೋಯಿತು. ಸಂಜೆ ಟೀವಿಯಲ್ಲಿ ವೇಳಾಂಗಣ್ಣಿ ತೋರಿಸಿದರು. ಬೆಸಿಲಿಕದ ಒಳಕ್ಕೆ ನೀರು ಹೋಗಿರಲಿಲ್ಲ. ಹೊರಗೆ, ದಂಡೆಯಲ್ಲಿ, ಅಂಗಡಿ ಸಾಲಿನಲ್ಲಿ ಇದ್ದ ನೂರಾರು ಯಾತ್ರಿಕರು ಸತ್ತಿದ್ದರು. ತಮಿಳುನಾಡಿನಲ್ಲಿ ಒಟ್ಟು ಸತ್ತವರು ಸುಮಾರು 8,000. ಅದರಲ್ಲಿ 6,000ಕ್ಕೂ ಹೆಚ್ಚು ಮಂದಿ ವೇಳಾಂಗಣ್ಣಿ ಇರುವ ನಾಗಪಟ್ಟಿಣಂ ಜಿಲ್ಲೆಯವರು ಮತ್ತು ಅಲ್ಲಿಗೆ ಬಂದವರು.

ರಾತ್ರಿ ಅಮ್ಮನ ಫೋನು. "ನೋಡಿದೆಯಾ ಮಗಾ, ಮಾತೆ ಮರಿಯಮ್ಮ ಬೇಕೂಂತಲೇ ನಿನಗೆ ಸೀಟು ಸಿಗದ ಹಾಗೆ ಮಾಡಿದಳು." ಅಳುತ್ತಿದ್ದಳು. ನಾನೂ ಹೌದಮ್ಮ ಅಂದೆ. ಫೋನು ಇಟ್ಟ ಮೇಲೆ ಆ ಎರಡು ಸೀಟು ನೆನಪಾಯಿತು. ನಾನು ಬೇಡ ಎಂದ ಮೇಲೆ ಅವನ್ನು ಯಾರಿಗೋ ಕೊಟ್ಟಿರಬೇಕಲ್ಲ. ಗಂಡಹೆಂಡಿರೋ, ತಾಯಿಮಗಳೋ, ಯಾರೋ. ಅವರೂ ಹರಕೆ ಹೊತ್ತೇ ಹೊರಟವರು. ನನಗೆ ಸೀಟು ತಪ್ಪಿಸಿದ ಕೈ ಅವರಿಗೆ ಸೀಟು ಕೊಟ್ಟದ್ದು ಯಾಕೆ? ಅವರು ಬದುಕಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಹಾಗೂ ಇಲ್ಲ.

ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸು ಇಪ್ಪತ್ತು ದಿನ ಬರಲಿಲ್ಲ. ಬಂದಾಗ ಬುಟ್ಟಿ ಇರಲಿಲ್ಲ, ಸುಮ್ಮನೆ ಮೆಟ್ಟಿಲ ಮೇಲೆ ಕೂತಳು. ನನ್ನ ಹೆಂಡತಿ ಕಾಫಿ ಕೊಟ್ಟು, ತನ್ನ ಹರುಕು ತಮಿಳಿನಲ್ಲಿ, "ದೇವರು ನಿಮ್ಮನ್ನಾದರೂ ಉಳಿಸಿದನಲ್ಲಾ" ಎಂದಳು. ಆಕೆ ಲೋಟ ಕೆಳಗಿಟ್ಟು "ಅಪ್ಪೋ ಎನ್ ಪೇರನ್?" ಅಂದಳು. ಹಾಗಾದರೆ ನನ್ನ ಮೊಮ್ಮಗ? ಅವನಿಗೆ ಆರು ವರ್ಷವಂತೆ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಕೇಳಿದ ಹಾಗಿತ್ತು. ಬ್ಯಾಂಕಿನವನಾದ ನನ್ನ ಹತ್ತಿರ ಆ ಲೆಕ್ಕಕ್ಕೆ ಉತ್ತರವಿರಲಿಲ್ಲ.

ಅದೇ ದಿನಗಳಲ್ಲಿ ತೋಮನ ಕಂಬದ ಕತೆ ಎಲ್ಲರ ಬಾಯಲ್ಲಿ. ಬೆಸಿಲಿಕದ ಹಿಂದೆ ಕಡಲಿಗೆ ಎದುರಾಗಿ ಒಂದು ಕಂಬವಿದೆ. ಕಡಲು ಇದನ್ನು ದಾಟಿ ಬರಲಾರದು ಎಂದು ತೋಮ ನೆಟ್ಟದ್ದೆಂದು ಐತಿಹ್ಯ. ಚರ್ಚು ಉಳಿದದ್ದು ಆ ಕಂಬದಿಂದ ಎಂದರು, ಪತ್ರಿಕೆಗಳೂ ಬರೆದವು. ನಂಬುವವರನ್ನು ನಾನು ಹಂಗಿಸಲಾರೆ, ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಆದರೆ ನನಗೆ ಆ ಕಂಬದ ಹತ್ತಿರ ನಿಲ್ಲಲು ನಾಚಿಕೆಯಾಗುತ್ತಿತ್ತು. ಕಲ್ಲಿನ ಕಟ್ಟಡವನ್ನು ಕಾಯುವ ದೇವರು ಪಕ್ಕದ ಕುಪ್ಪಂನ ತೆಂಗಿನಗರಿಯ ಗುಡಿಸಲನ್ನು ಬಿಟ್ಟುಬಿಟ್ಟ ಎಂದರೆ, ಹಾಗೆ ಹೇಳುವುದು ಹೊಗಳಿಕೆಯೋ ದೂರೋ?

ಮುಂದೆ ಆದದ್ದು ಇಷ್ಟು. ರಾತ್ರಿ ಕಡಲಿನ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದೆ. ಪ್ರಾರ್ಥನೆಗೆ ಬಾಯಿ ತೆರೆದರೆ ಆ ಎರಡು ಸೀಟು ಅಡ್ಡ ಬರುತ್ತಿದ್ದವು. 'ಅನುಮಾನಂ ಪೆದ್ದ ರೋಗಂ' ಅಂತ ನಮ್ಮ ಕಡೆ ನಗೆಯಾಡುತ್ತಾರೆ. ಅದು ನಿಜವಾಗಿ ರೋಗದ ಹಾಗೇ ಬರುತ್ತದೆ, ಸಂಜೆಯಾದರೆ ಏರುತ್ತದೆ. ನನ್ನ ಹೆದರಿಕೆ ಕಡಲಿನದೋ, ಮೇಲೆ ಯಾರೂ ಇಲ್ಲವೇನೋ ಎಂಬುದರದೋ ಬೇರ್ಪಡಿಸಿ ಹೇಳುವುದು ಕಷ್ಟವಾಗಿತ್ತು. ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ಸಂದೇಹಕ್ಕೆ ತಮಿಳಿನಲ್ಲೂ 'ಸಂದೇಗಂ' ಅನ್ನುವುದರಿಂದ ಭಾಷೆಯ ತೊಡಕಾಗಲಿಲ್ಲ. ಆ ಕಡೆಯಿಂದ ದೊಡ್ಡ ಉಪದೇಶ ಬರುತ್ತದೆಂದು ಕಾದೆ. ವಯಸ್ಸಾದ ಗುರುಗಳು, "ಪೂಜೆಗೆ ಬರೋದು ಬಿಟ್ಟಿದ್ದೀಯಾ?" ಎಂದು ಕೇಳಿದರು. ಬಿಟ್ಟಿಲ್ಲ ಫಾದರ್, ಬರ್ತೀನಿ, ಆದರೆ ಹಿಂದಿನ ಬಾಗಿಲ ಹತ್ತಿರ ನಿಲ್ತೀನಿ ಅಂದೆ. "ಅಲ್ಲೇ ನಿಲ್ಲು. ಅಲ್ಲೂ ಜಾಗ ಇದೆ" ಎಂದರು. ಪಾಪವೆಂದು ಎಣಿಸಲೂ ಇಲ್ಲ, ಪ್ರಾಯಶ್ಚಿತ್ತ ಕೊಡಲೂ ಇಲ್ಲ.

ಆ ಸಲ ಪಾಸ್ಖ ಹಬ್ಬದ ಮರು ಭಾನುವಾರ ತೋಮನ ಪ್ರಸಂಗ ಓದಿದರು. ಪ್ರತಿ ವರ್ಷ ಅದೇ ಭಾನುವಾರ ಅದನ್ನೇ ಓದುತ್ತಾರೆ, ನಾನು ಚಿಕ್ಕಂದಿನಿಂದ ಕೇಳಿದವನು. ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯ. ಬಾಗಿಲ ಹತ್ತಿರ ನಿಂತು ಕೇಳಿದ್ದಕ್ಕೋ ಏನೋ, ಅವತ್ತು ಬಾಗಿಲೇ ಕಿವಿಗೆ ಬಿತ್ತು. ಮೊದಲ ಭಾನುವಾರ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು. ಯೇಸುವನ್ನು ಕಣ್ಣಾರೆ ಕಂಡರು. ತೋಮ ಆಗ ಅಲ್ಲಿರಲಿಲ್ಲ, ಎಲ್ಲಿಗೆ ಹೋಗಿದ್ದನೋ ಬರೆದಿಲ್ಲ. ಗಾಯ ಮುಟ್ಟದೆ ನಂಬೋದಿಲ್ಲ ಎಂದ. ಎಂಟು ದಿನದ ಮೇಲೆ ಅವರೆಲ್ಲ ಮತ್ತೆ ಅದೇ ಮನೆಯಲ್ಲಿ, ಮತ್ತೆ ಬಾಗಿಲು ಹಾಕಿಕೊಂಡೇ ಇದ್ದಾರೆ! ಕಂಡವರೂ, ನಂಬಿದವರೂ ಬಾಗಿಲು ತೆಗೆದಿಲ್ಲ. ನಂಬಿಕೆ ಬಂದರೆ ಹೆದರಿಕೆ ಓಡಿಹೋಗುತ್ತದೆ ಅಂತ ಎಷ್ಟು ಪ್ರಸಂಗಗಳಲ್ಲಿ ಕೇಳಿದ್ದೇನೆ. ಆ ಮನೆಯಲ್ಲಿ ಎರಡೂ ಒಂದೇ ಚಾಪೆಯ ಮೇಲೆ ಕೂತಿದ್ದವು.

ಇನ್ನೊಂದು, ಆ ಎಂಟು ದಿನ. ಅವತ್ತಿನಿಂದ ನನಗೆ ಅದೇ ಮುಖ್ಯವಾಗಿ ಕಾಣುತ್ತಿದೆ. ನಂಬದವನು ಆ ಎಂಟು ದಿನ ಎಲ್ಲಿಗೂ ಹೋಗಿಬಿಡಲಿಲ್ಲ. ಉಳಿದ ಹತ್ತು ಮಂದಿ ಅವನನ್ನು ಹೊರಗೆ ಹಾಕಲೂ ಇಲ್ಲ. ಆ ವಾರ ಏನೇನು ಮಾತಾದವೋ! 'ನಾವು ಸುಳ್ಳು ಹೇಳ್ತೀವಾ' ಎಂದು ಪೇತ್ರನಾದರೂ ರೇಗಿರಬೇಕು, ಅವನ ಸ್ವಭಾವವೇ ಹಾಗೆ. ಆದರೂ ಒಟ್ಟಿಗೆ ಉಂಡಿದ್ದಾರೆ, ಒಟ್ಟಿಗೆ ಬಾಗಿಲು ಹಾಕಿಕೊಂಡಿದ್ದಾರೆ. ಕೊನೆಗೆ ತೋಮ ಗಾಯದೊಳಗೆ ಬೆರಳಿಟ್ಟನೆಂದು ಚಿತ್ರಗಳಲ್ಲಿ ಬರೆಯುತ್ತಾರೆ. ಶುಭಸಂದೇಶದಲ್ಲಿ ಹಾಗೆಂದು ಎಲ್ಲೂ ಇಲ್ಲ. ಮುಟ್ಟು ಎಂದಾಗ ಅವನು ಮುಟ್ಟಿದನೋ ಇಲ್ಲವೋ ಬರೆದವರು ಹೇಳಿಲ್ಲ. ಗಾಯಗಳಂತೂ ಮಾಯವಾಗದೆ ಹಾಗೇ ಇದ್ದವು. ಸತ್ತು ಎದ್ದ ಮೇಲೂ ಅವನು ಅವನ್ನು ಅಳಿಸಿಕೊಳ್ಳಲಿಲ್ಲ ಎಂಬುದು ಮೀನು ಮಾರುವವಳ ಪ್ರಶ್ನೆಗೆ ಉತ್ತರವಲ್ಲ, ನನಗೆ ಗೊತ್ತು. ಆದರೆ ಆ ಪ್ರಶ್ನೆಯನ್ನು ಅವನ ಎದುರಿಗೆ ಇಡಬಹುದು ಎಂಬ ಧೈರ್ಯವಂತೂ ಬಂತು.

ಅವತ್ತು ಮನೆಗೆ ಬರುತ್ತಾ ಅಜ್ಜಿ ನೆನಪಾದಳು. ನಮ್ಮದು ಶೆಟ್ಟಿಹಳ್ಳಿ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮುಳುಗೇಳುವ ಚರ್ಚನ್ನು ನೀವು ಫೋಟೋಗಳಲ್ಲಿ ನೋಡಿರುತ್ತೀರಿ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿಸಿದ್ದು. 1979ರಲ್ಲಿ ಅಣೆಕಟ್ಟು ಮುಗಿಯಿತು, ನೀರು ನಿಂತಿತು, ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಗೋಡೆಗಳಲ್ಲಿ ಈಚೆಗೆ ಕೆಲವು ಕುಸಿದಿವೆ. ಈಗ ಜನ ಅಲ್ಲಿಗೆ ಮದುವೆಯ ಫೋಟೋ ತೆಗೆಸಲು ಹೋಗುತ್ತಾರೆ. ನನ್ನ ಅಜ್ಜಿಯ ಮದುವೆ ಆಗಿದ್ದು ಅದರೊಳಗೇ. ಅಲ್ಲಿ ಯಾವ ಕಂಬವೂ ನೀರನ್ನು ತಡೆಯಲಿಲ್ಲ, ಚರ್ಚೂ ಮುಳುಗಿತು, ಮನೆಗಳೂ ಮುಳುಗಿದವು.

ಹೊಸ ಊರಿಗೆ ಬಂದ ಮೇಲೆ ಅಜ್ಜಿ ಸಂಜೆಯ ಜಪಸರ ಬಿಡಲಿಲ್ಲ. ಆದರೆ ಪರಲೋಕ ಮಂತ್ರದಲ್ಲಿ ದೇವರ ಚಿತ್ತದ ಮಾತು ಬರುವ ಕಡೆ ಬಾಯಿ ಮುಚ್ಚುತ್ತಿದ್ದಳು. ನಾವು ಮಕ್ಕಳು ಮೊದಲು ಕೆಮ್ಮು ಅಂದುಕೊಂಡೆವು. ಒಂದಲ್ಲ, ಎರಡು ವರ್ಷ ಹಾಗೇ ನಡೆಯಿತು. ಅಪ್ಪ ಒಮ್ಮೆ, "ಅದನ್ನೂ ಹೇಳವ್ವಾ, ಪಾಪ ಬರ್ತದೆ" ಎಂದರೆ, "ನೀವು ಹೇಳ್ತಿದ್ದೀರಲ್ಲ, ಸದ್ಯಕ್ಕೆ ಅಷ್ಟು ಸಾಕು" ಅಂದಳು. ಮತ್ತೆ ಯಾವಾಗ ಹೇಳಲು ಶುರು ಮಾಡಿದಳೋ ಯಾರೂ ಗಮನಿಸಲಿಲ್ಲ. ಬಹುಶಃ ಅವಳಿಗೂ ತಿಳಿಯಲಿಲ್ಲ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ಸುಮಾರು ಐವತ್ತು ವರ್ಷ ಅವರು ಒಳಗೊಳಗೇ ಕತ್ತಲೆ ಅನುಭವಿಸಿದ್ದರೆಂದು ಓದಿ ಬಹಳ ಜನ ಬೆಚ್ಚಿದರು. ನನಗೆ ಹಾಗಾಗಲಿಲ್ಲ, ನಮ್ಮಜ್ಜಿಯ ಮೌನವನ್ನು ನಾನು ಕೇಳಿದ್ದೆನಲ್ಲ. ನಂಬಿಕೆ ಗಟ್ಟಿಯಾಗುವುದೆಂದರೆ ನಾವು ಒಬ್ಬೊಬ್ಬರೇ ಕಸರತ್ತು ಮಾಡಿ ತೋಳು ಬಲಿಸಿಕೊಂಡ ಹಾಗೆ ಅಂತ ಅಲ್ಲಿಯವರೆಗೆ ತಿಳಿದಿದ್ದೆ. ಅದು ಹೆಣ ಹೊರುವ ಹೆಗಲಿನ ಹಾಗೇನೋ. ಒಬ್ಬನಿಗೆ ನೋವಾದಾಗ ಇನ್ನೊಬ್ಬ ಬಂದು ಕೊಡುತ್ತಾನೆ. ಪರಊರಿನಲ್ಲಿ ಕಷ್ಟ ಇರುವುದು ಇಲ್ಲೇ. ಅಜ್ಜಿ ಬಿಟ್ಟ ಸಾಲನ್ನು ಹಿಡಿಯಲು ತುಂಬಿದ ಮನೆಯಿತ್ತು. ಸಾಂತೋಮಿನ ನನ್ನ ಎರಡು ಕೋಣೆಯ ಮನೆಯಲ್ಲಿ ಕನ್ನಡ ಮಂತ್ರ ಹೇಳುವವರು ಮೂರೇ ಜನ. ಮಗ ಈಗ ಪುಣೆಯಲ್ಲಿದ್ದಾನೆ, ಹಾಗಾಗಿ ಇಬ್ಬರು.

ಆ ಎರಡು ಸೀಟಿನ ಪ್ರಶ್ನೆ ಹೋಯಿತೇ ಎಂದು ಕೇಳುತ್ತೀರಿ. ಇಲ್ಲ. ಅಮ್ಮ ಕೊನೆಯವರೆಗೂ ಮಾತೆಯೇ ಸೀಟು ತಪ್ಪಿಸಿದಳೆಂದು ಹೇಳುತ್ತಿದ್ದಳು, ನಾನೂ ಹೌದಮ್ಮ ಅನ್ನುತ್ತಿದ್ದೆ. ಅವಳ ಕೃತಜ್ಞತೆಯನ್ನು ತಿದ್ದಲು ನಾನು ಯಾರು? ನನ್ನಷ್ಟಕ್ಕೆ ಮಾತ್ರ ಹಾಗೆ ಹೇಳಿಕೊಳ್ಳಲಾರೆ. ಹೆಸರು ಗೊತ್ತಿಲ್ಲದ ಆ ಇಬ್ಬರನ್ನು ಪ್ರತಿ ಪೂಜೆಯಲ್ಲೂ ಒಮ್ಮೆ ನೆನೆಯುತ್ತೇನೆ. ನಿಲ್ಲುವುದು ಈಗಲೂ ಹಿಂದೆಯೇ.

ಪ್ರತಿ ವರ್ಷ ಡಿಸೆಂಬರ್ 26ರ ಬೆಳಗ್ಗೆ ಮೀನುಗಾರರು ದಂಡೆಗೆ ಬಂದು ಕಡಲಿಗೆ ಹಾಲು, ಹೂವು ಬಿಡುತ್ತಾರೆ. 2024ರಲ್ಲಿ ಇಪ್ಪತ್ತು ವರ್ಷ ತುಂಬಿತೆಂದು ಮೀನಿನಾಕೆ ನಮ್ಮನ್ನೂ ಕರೆದಳು. ಅವಳಿಗೆ ಈಗ ಮೊಣಕಾಲು ಬಗ್ಗುವುದಿಲ್ಲ, ನನ್ನ ಹೆಂಡತಿಯ ಭುಜ ಹಿಡಿದು ನಡೆದಳು. ಹಾಲಿನ ಚೊಂಬನ್ನು ನನ್ನ ಕೈಗೆ ಕೊಟ್ಟು, "ನಿಮ್ಮದೇನಾದರೂ ಮಂತ್ರ ಇದ್ದರೆ ಹೇಳಿ ಸಾರ್, ಹುಡುಗನಿಗೆ" ಎಂದಳು. ಪರಲೋಕ ಮಂತ್ರ ಶುರು ಮಾಡಿದೆ, ಕನ್ನಡದಲ್ಲಿ. ಆ ಸಾಲಿಗೆ ಬಂದಾಗ ಗಂಟಲು ಕಟ್ಟಿತು, ಸುಮ್ಮನಾದೆ. ಪಕ್ಕದಲ್ಲಿ ಹೆಂಡತಿ ಅದನ್ನು ಹೇಳಿದಳು. ಮುಂದಿನದನ್ನು ಇಬ್ಬರೂ ಹೇಳಿ ಮುಗಿಸಿ ಹಾಲು ಬಿಟ್ಟೆವು. ಆಕೆ ಚೊಂಬನ್ನು ಕಡಲಲ್ಲೇ ಅದ್ದಿ ತೊಳೆದುಕೊಂಡು, ಬಿಸಿಲೇರ್ತಿದೆ, ಹೊರಡೋಣ ಎಂದಳು.