ಕರೆ ಮಾಡದವನ ಲೆಕ್ಕ

ಮಾನಸಿಕ ಆರೋಗ್ಯ ಸೇವೆ ಸುಧಾರಿಸಿದೆಯೇ ಎಂದು ಕೇಳಿದರೆ ಹೌದೆನ್ನಲು ಕಾರಣಗಳು ಬೇಕಾದಷ್ಟಿವೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಮನೆಗೆ ಬೆಂಕಿ ಬಿದ್ದಾಗ, ಕಾಲಿಗೆ ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಸರಪಳಿಯನ್ನು ನಿಷೇಧಿಸಿತು. ಅರಿವಳಿಕೆಯಿಲ್ಲದೆ ಕರೆಂಟ್ ಕೊಡುವುದನ್ನೂ ನಿಲ್ಲಿಸಿತು. ಚಿಕಿತ್ಸೆ ಪಡೆಯುವುದು ಹಕ್ಕು ಎಂದಿತು. 2022ರಿಂದ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಂಕಟ ಹೇಳಿಕೊಳ್ಳಬಹುದು. ಇವು ಸಣ್ಣ ಸಂಗತಿಗಳಲ್ಲ.

ಆದರೆ ಕರೆ ಮಾಡುವವರು ಯಾರು? ತಮಗೇನೋ ಆಗಿದೆ ಎಂದು ತಿಳಿದವರು, ಅದನ್ನು ಹೇಳಿಕೊಳ್ಳಬಲ್ಲವರು. ಸ್ಕಿಜೋಫ್ರೇನಿಯಾ ಇರುವವನಿಗೆ ತನಗೆ ಕಾಯಿಲೆ ಇದೆಯೆಂದು ಎಷ್ಟೋ ಸಲ ಅನ್ನಿಸುವುದೇ ಇಲ್ಲ. ಫೋನಿನ ಮೇಲೇ ಅವನಿಗೆ ಅನುಮಾನವಿರಬಹುದು. ಖಿನ್ನತೆ, ಆತಂಕಗಳ ಬಗ್ಗೆ ನಾವೀಗ ನಾಚಿಕೆಯಿಲ್ಲದೆ ಮಾತಾಡುತ್ತೇವೆ, ಸಂತೋಷ. ಅದೇ ಬಾಯಲ್ಲಿ, ಬೀದಿಯಲ್ಲಿ ಒಬ್ಬನೇ ಗೊಣಗುತ್ತ ಹೋಗುವವನನ್ನು ಕಂಡು 'ತಲೆ ಕೆಟ್ಟಿದೆ' ಎನ್ನುತ್ತೇವೆ. ಸೇವೆ ಬೆಳೆದಿರುವುದು ದನಿಯಿದ್ದವರ ಕಡೆಗೆ.

ತಿಳಿವಳಿಕೆಯ ಕೊರತೆಯಿಂದ ಹೀಗಾಗಿದ್ದರೆ ಕಾಯಬಹುದಿತ್ತು. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ದಾರಿ ತೋರಿಸಿದ್ದರು: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಸ್ವಲ್ಪ ತರಬೇತಿ ಕೊಟ್ಟರೆ, ಮಾನಸಿಕ ರೋಗಿಗಳನ್ನು ಊರಲ್ಲೇ ಗುರುತಿಸಿ ನೋಡಿಕೊಳ್ಳಬಹುದು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹಾಗಿದ್ದೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಕಾಯಿಲೆಗಳಿಗೆ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು.

ಕಾಯ್ದೆಯ ಒಳ್ಳೆಯತನದಲ್ಲೇ ಒಂದು ತೊಡಕಿದೆ. ಚಿಕಿತ್ಸೆ 'ಬೇಡ' ಎನ್ನುವ ಹಕ್ಕನ್ನು ಕಾಗದದ ಮೇಲೆ ಕೊಟ್ಟುಬಿಡಬಹುದು. ಅದು ಬೇಕಾದ ಹಕ್ಕೇ. 'ಬೇಕು' ಎನ್ನುವ ಹಕ್ಕಿಗಾದರೋ ವೈದ್ಯ ಬೇಕು, ಮಾತ್ರೆ ಬೇಕು, ಆಸ್ಪತ್ರೆ ಮುಟ್ಟಲು ಬಸ್ಸು ಬೇಕು, ಆ ದಿನದ ಕೂಲಿ ಬಿಡುವ ಧೈರ್ಯವೂ ಬೇಕು. ಮೊದಲನೆಯದಕ್ಕೆ ಖರ್ಚಿಲ್ಲ, ಅದಕ್ಕೇ ಅದು ಬೇಗ ಬಂತೇನೋ.

ಮನೆಯವರಿದ್ದಾರಲ್ಲ ಎನ್ನುವವರಿದ್ದಾರೆ. ಅಮೃತಸರದ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಗೋಡೆಗಳ ಹಿಂದೆ ಜನರನ್ನು ಮರೆತುಬಿಡುತ್ತಿದ್ದ ಕಾಲದಲ್ಲಿ ಅದು ದೊಡ್ಡ ಮಾತು. ಆದರೆ ಮನೆಯವರು ಜೊತೆಗಿರಲಿ ಎನ್ನುವುದು ಬೇರೆ, ಮನೆಯವರೇ ಎಲ್ಲವನ್ನೂ ಹೊರಲಿ ಎನ್ನುವುದು ಬೇರೆ. ಹೊರುವವಳು ಸಾಮಾನ್ಯವಾಗಿ ತಾಯಿ, ಇಲ್ಲವೇ ಹೆಂಡತಿ. 'ನಾನು ಹೋದಮೇಲೆ ಇವನಿಗ್ಯಾರು' ಎಂಬ ಅವಳ ಪ್ರಶ್ನೆಗೆ ಅದೇ ಕಾಯ್ದೆಯ 19ನೇ ಕಲಮು ಉತ್ತರಿಸುತ್ತದೆ: ಮನೆಗೆ ಹೋಗಲಾಗದವರಿಗೆ ಸಮಾಜದ ನಡುವೆಯೇ ಬದುಕಲು ಸರ್ಕಾರ ನೆಲೆ ಕಲ್ಪಿಸಬೇಕು. ನಿಮ್ಮ ತಾಲ್ಲೂಕಿನಲ್ಲಿ ಅಂಥದೊಂದು ಮನೆಯಿದ್ದರೆ ಅವಳಿಗೆ ತೋರಿಸಿ.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ನಮ್ಮಲ್ಲಿದೆ. ಅಲ್ಲಿಗೆ ಬಂದವರ ಲೆಕ್ಕ ಸುಲಭ. ನನಗೆ ಬೇಕಿರುವುದು ಮುಂದಿನ ತಿಂಗಳು ಬಾರದವರ ಲೆಕ್ಕ: ಮಾತ್ರೆ ಬಿಟ್ಟವರೆಷ್ಟು, ಏಕೆ ಬಿಟ್ಟರು, ಅವರಲ್ಲಿ ಎಷ್ಟು ಜನರ ಬಾಗಿಲಿಗೆ ಯಾರಾದರೂ ಹೋಗಿ ವಿಚಾರಿಸಿದರು.